ದೋಣಿಯ ಹೊರಗೆ ಜೋತುಬಿದ್ದರೂ ದೋಣಿ ಮಗುಚುವುದಿಲ್ಲ ಏಕೆ? ವಿಡಿಯೋ ನಿಜ, ಅದರ ಜೊತೆ ಬರುವ ಸಲಹೆ ಅಪಾಯ

ಸಣ್ಣ ಹಾಯಿದೋಣಿಯೊಂದು ನೀರನ್ನು ಸೀಳಿಕೊಂಡು ಓಡುತ್ತಿದೆ. ಅದರಲ್ಲಿ ಇರುವುದು ಒಬ್ಬನೇ. ಅವನೂ ದೋಣಿಯ ಒಳಗಿಲ್ಲ. ಎರಡೂ ಪಾದಗಳನ್ನು ದೋಣಿಯ ಅಂಚಿಗೆ ಊರಿ, ಇಡೀ ಮೈಯನ್ನು ಹೊರಕ್ಕೆ ಚಾಚಿ, ನೀರಿನ ಮೇಲೆ ಹಾಸಿಗೆ ಹಾಸಿಕೊಂಡವನ ಹಾಗೆ ಮಲಗಿದ್ದಾನೆ. ಸೊಂಟದಿಂದ ಒಂದು ತೆಳು ತಂತಿ ಮೇಲಕ್ಕೆ ಹೋಗಿದೆ. ಅವನೂ ಬೀಳುವುದಿಲ್ಲ, ದೋಣಿಯೂ ಮಗುಚುವುದಿಲ್ಲ.

ಇಂಥ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಜೊತೆ ಬರುವ ಮಾತುಗಳು ಸಾಮಾನ್ಯವಾಗಿ ಮೂರು ಬಗೆಯವು.

ಒಂದು: "ಇದೆಲ್ಲ ಕಂಪ್ಯೂಟರ್ ಎಡಿಟಿಂಗ್, ನಂಬಬೇಡಿ."

ಎರಡು: "ಗುರುತ್ವಾಕರ್ಷಣೆಯನ್ನೇ ಗೆದ್ದ ಸಾಧಕ, ಇದು ಯೋಗಶಕ್ತಿ."

ಮೂರು: "ದೋಣಿ ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಹೀಗೆ ಹೊರಗೆ ಜೋತುಬೀಳಿ, ಜೀವ ಉಳಿಯುತ್ತದೆ. ಎಲ್ಲರಿಗೂ ಕಳಿಸಿ."

ಮೊದಲ ಎರಡು ಮಾತು ಸುಳ್ಳು. ಆದರೆ ಅವುಗಳಿಂದ ಯಾರ ಜೀವಕ್ಕೂ ತೊಂದರೆ ಇಲ್ಲ. ಮೂರನೆಯದು ಹಾಗಲ್ಲ. ಚಿಕ್ಕೋಡಿ ತಾಲ್ಲೂಕಿನ ಅಂಕಲಿ, ಮಾಂಜರಿ, ಯಡೂರಿನಂಥ ಕೃಷ್ಣಾ ತೀರದ ಊರಿನವರು ಅದನ್ನು ನಂಬಿದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಈ ವಿದ್ಯೆ ಏನು, ಅದು ಎಲ್ಲಿ ಕೆಲಸ ಮಾಡುತ್ತದೆ, ನಮ್ಮ ಹೊಳೆಯ ದೋಣಿಯಲ್ಲಿ ಏಕೆ ಮಾಡಬಾರದು ಎಂಬುದನ್ನು ಸರಳ ಲೆಕ್ಕದಲ್ಲಿ ನೋಡೋಣ.

ಇದರ ಹೆಸರು ಟ್ರಪೀಜ್

ಸರ್ಕಸ್ಸಿನಲ್ಲಿ ಕಲಾವಿದರು ಹಿಡಿದು ತೂಗಾಡುವ ಉಯ್ಯಾಲೆಗೆ ಟ್ರಪೀಜ್ ಎನ್ನುತ್ತಾರೆ. ಹಾಯಿದೋಣಿಯ ಈ ತಂತಿಗೂ ಅದೇ ಹೆಸರು. ದೋಣಿಯ ನಡುವೆ ನಿಂತಿರುವ ಕಂಬದ, ಅಂದರೆ ಕೂವೆಮರದ, ಮೇಲ್ಭಾಗಕ್ಕೆ ಎರಡೂ ಬದಿಗೆ ಒಂದೊಂದು ಉಕ್ಕಿನ ತಂತಿ ಕಟ್ಟಿರುತ್ತಾರೆ. ತಂತಿಯ ಕೆಳತುದಿಯಲ್ಲಿ ಕೈಯಲ್ಲಿ ಹಿಡಿಯಲು ಒಂದು ಹಿಡಿ, ಅದರ ಕೆಳಗೆ ಒಂದು ಬಳೆ. ದೋಣಿ ನಡೆಸುವವರು ತೊಡೆ, ಸೊಂಟ, ಬೆನ್ನನ್ನು ಅಪ್ಪಿಕೊಳ್ಳುವ ಗಟ್ಟಿ ಪಟ್ಟಿಯ ಉಡುಪು ಹಾಕಿರುತ್ತಾರೆ. ಅದಕ್ಕೆ ಹಾರ್ನೆಸ್ ಎನ್ನುತ್ತಾರೆ. ಅದರ ಮುಂಭಾಗದಲ್ಲಿ ಒಂದು ಕೊಕ್ಕೆ. ಕೊಕ್ಕೆಯನ್ನು ಬಳೆಗೆ ಸಿಕ್ಕಿಸಿ ಹೊರಗೆ ಹೋದರೆ ಮೈಭಾರವನ್ನು ತಂತಿ ಹೊರುತ್ತದೆ.

ಇದರಲ್ಲಿ ಹೊಸತೇನೂ ಇಲ್ಲ, ಎಡಿಟಿಂಗ್ ಅಂತೂ ಅಲ್ಲವೇ ಅಲ್ಲ. 1930ರ ದಶಕದಲ್ಲೇ ಇಂಗ್ಲೆಂಡಿನ ಥೇಮ್ಸ್ ನದಿಯ ಹಾಯಿದೋಣಿಗಳಲ್ಲಿ ಇದರ ಪ್ರಯೋಗ ನಡೆದಿತ್ತು. 1938ರಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಎಂಬ ಜೋಡಿ ಪ್ರತಿಷ್ಠಿತ ಸ್ಪರ್ಧೆಯೊಂದರಲ್ಲಿ ಟ್ರಪೀಜ್ ಬಳಸಿ ಗೆದ್ದಿತು. ಇದು ಅನ್ಯಾಯದ ಲಾಭ ಎಂದು ಆ ಬಗೆಯ ದೋಣಿಗಳ ಸ್ಪರ್ಧೆಯಲ್ಲಿ ಅದನ್ನು ನಿಷೇಧಿಸಿದರು. ಇದೇ ಪೀಟರ್ ಸ್ಕಾಟ್ ಮುಂದೆ ವನ್ಯಜೀವಿ ಸಂರಕ್ಷಕರಾಗಿ ಹೆಸರಾದರು. ವಿಶ್ವ ವನ್ಯಜೀವಿ ನಿಧಿಯ ಸ್ಥಾಪಕರಲ್ಲಿ ಅವರೂ ಒಬ್ಬರು.

ಸಾಮಾನ್ಯವಾಗಿ ಟ್ರಪೀಜ್ ಇರುವ ದೋಣಿಯಲ್ಲಿ ಇಬ್ಬರು ಇರುತ್ತಾರೆ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹೊರಗೆ ಜೋತುಬೀಳುತ್ತಾರೆ. ಎರಡೂ ಕೆಲಸವನ್ನು ಒಬ್ಬರೇ ಮಾಡುವ ದೋಣಿಗಳೂ ಇವೆ. ಅವುಗಳಲ್ಲಿ ಹೆಸರಾದದ್ದು 'ಕಂಟೆಂಡರ್'. 1967ರಲ್ಲಿ ಆಸ್ಟ್ರೇಲಿಯಾದ ಬಾಬ್ ಮಿಲ್ಲರ್ ಇದನ್ನು ರೂಪಿಸಿದರು. ಉದ್ದ ಸುಮಾರು 4.9 ಮೀಟರ್, ಅಗಲ ಸುಮಾರು 1.4 ಮೀಟರ್, ಹಾಯಿಯ ವಿಸ್ತೀರ್ಣ 10 ಚದರ ಮೀಟರಿಗಿಂತ ತುಸು ಹೆಚ್ಚು. ನೀವು ನೋಡಿದ ವಿಡಿಯೋದಲ್ಲಿ ಒಬ್ಬರೇ ಇದ್ದರೆ ಅದು ಇಂಥದೇ ದೋಣಿ ಇರಬಹುದು.

ಲೆಕ್ಕ ಬಹಳ ಸುಲಭ: ತೂಕ ಗುಣಿಸು ದೂರ

ಚಕ್ಕಡಿಯಲ್ಲಿ ಹಿಂದಿನ ಭಾರ ಹೆಚ್ಚಾದರೆ ಏನಾಗುತ್ತದೆ? ನೊಗ ಮೇಲೇಳುತ್ತದೆ. ಆಗ ಹೊಡೆಯುವವನು ಮುಂದಕ್ಕೆ ಸರಿದು ಮೂಕಿಯ ಮೇಲೆ ಕೂರುತ್ತಾನೆ. ಅವನ ತೂಕ ಹೆಚ್ಚಾಗಲಿಲ್ಲ, ಅವನು ಕೂತ ಜಾಗ ಮಾತ್ರ ಬದಲಾಯಿತು. ನೊಗ ಕೆಳಗಿಳಿಯಿತು.

ಇನ್ನೊಂದು ಉದಾಹರಣೆ ಗ್ಯಾರೇಜಿನದು. ಟ್ರ್ಯಾಕ್ಟರಿನ ನಟ್ಟು ಬಿಗಿಯಾಗಿ ಕೂತಿದ್ದರೆ ಮೆಕ್ಯಾನಿಕ್ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಒತ್ತುತ್ತಾನೆ. ಒತ್ತುವ ಶಕ್ತಿ ಅಷ್ಟೇ, ಆದರೆ ದೂರ ಹೆಚ್ಚಾದ್ದರಿಂದ ತಿರುಗಿಸುವ ಬಲ ಹೆಚ್ಚುತ್ತದೆ.

ಟ್ರಪೀಜಿನ ಗುಟ್ಟು ಇಷ್ಟೇ. ತೂಕವನ್ನು ದೋಣಿಯ ನಡುಗೆರೆಯಿಂದ ಎಷ್ಟು ದೂರ ಒಯ್ದರೆ ಅದರ ತಿರುಗಿಸುವ ಬಲ ಅಷ್ಟು ಹೆಚ್ಚು. ಒಂದು ಅಂದಾಜು ಲೆಕ್ಕ ಹಾಕೋಣ.

ದೋಣಿಯ ಅಗಲ 1.4 ಮೀಟರ್ ಎಂದರೆ ನಡುವಿನಿಂದ ಅಂಚಿಗೆ 0.7 ಮೀಟರ್. 75 ಕೆ.ಜಿ. ತೂಕದವರು ಅಂಚಿನ ಹತ್ತಿರ ಕೂತರೆ ಅವರ ಮೈಭಾರದ ಕೇಂದ್ರ ನಡುಗೆರೆಯಿಂದ ಸುಮಾರು 0.65 ಮೀಟರ್ ದೂರದಲ್ಲಿರುತ್ತದೆ. 75 ಗುಣಿಸು 0.65 ಎಂದರೆ ಸುಮಾರು 49.

ಅವರೇ ಅಂಚಿಗೆ ಕಾಲೂರಿ ತಂತಿಯ ಮೇಲೆ ಹೊರಗೆ ಚಾಚಿದರೆ? ಮೈಭಾರದ ಕೇಂದ್ರ ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಪಾದದಿಂದ ಅಲ್ಲಿಗೆ ಸುಮಾರು 0.95 ಮೀಟರ್. ಅಂದರೆ ನಡುಗೆರೆಯಿಂದ ದೂರ 0.7 ಕೂಡಿಸು 0.95, ಒಟ್ಟು 1.65 ಮೀಟರ್. 75 ಗುಣಿಸು 1.65 ಎಂದರೆ ಸುಮಾರು 124.

ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ. ದೋಣಿಯನ್ನು ತಮ್ಮ ಕಡೆಗೆ ಎಳೆದು ಹಿಡಿಯುವ ಬಲ ಮಾತ್ರ ಎರಡೂವರೆ ಪಟ್ಟು ಆಯಿತು.

ಮರೆಯಬಾರದ ಅರ್ಧ: ಎದುರು ಬದಿಯಲ್ಲಿ ಗಾಳಿ ಇದೆ

ಇಲ್ಲಿಯವರೆಗಿನ ಲೆಕ್ಕ ಓದಿದರೆ ಒಂದು ಪ್ರಶ್ನೆ ಏಳಬೇಕು. ಇಷ್ಟು ಬಲವಾಗಿ ಒಂದು ಕಡೆಗೆ ಎಳೆದರೆ ದೋಣಿ ಆ ಕಡೆಗೇ ಮಗುಚಬೇಕಲ್ಲ?

ಹೌದು, ಮಗುಚಬೇಕು. ಮಗುಚದೆ ಇರುವುದಕ್ಕೆ ಕಾರಣ ಗಾಳಿ. ಹಾಯಿಗೆ ಬಡಿಯುವ ಗಾಳಿ ದೋಣಿಯನ್ನು ಎದುರು ಬದಿಗೆ ಒರಗಿಸಲು ನೋಡುತ್ತಿರುತ್ತದೆ. ಹಾಯಿ ಮೇಲಿದೆ. ದೋಣಿಯ ತಳದಿಂದ ನೀರಿನೊಳಗೆ ಇಳಿಬಿಟ್ಟ ಹಲಗೆ ಕೆಳಗಿದೆ. ಗಾಳಿ ಮೇಲೆ ನೂಕುತ್ತದೆ, ಹಲಗೆ ಕೆಳಗೆ ಅಡ್ಡ ಸರಿಯದಂತೆ ತಡೆಯುತ್ತದೆ. ಇವೆರಡರ ನಡುವೆ ದೋಣಿ ಮಗ್ಗುಲಾಗಲು ಹವಣಿಸುತ್ತದೆ. ಗಾಳಿ ಬೀಸುವ ಬದಿಗೆ ಹೊರಚಾಚಿದ ಮೈ ಅದನ್ನು ತಡೆಯುತ್ತದೆ. ತಕ್ಕಡಿಯ ಎರಡು ತಟ್ಟೆಗಳಿದ್ದ ಹಾಗೆ, ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ಮನುಷ್ಯ.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. 10 ಚದರ ಮೀಟರ್ ಆಸುಪಾಸಿನ ಹಾಯಿಗೆ ಗಂಟೆಗೆ 18 ಕಿ.ಮೀ. ವೇಗದ ಗಾಳಿ ಬಿದ್ದರೆ ಒರಗಿಸುವ ಬಲ ನಮ್ಮ ಲೆಕ್ಕದ ಅಳತೆಯಲ್ಲಿ ಸುಮಾರು 60ರಿಂದ 65. ಅಂಚಿನಲ್ಲಿ ಸುಮ್ಮನೆ ಕೂತವರ 49 ಇದಕ್ಕೆ ಸಾಲದು, ತುಸು ಹೊರಗೆ ವಾಲಬೇಕು. ಗಾಳಿ 25 ಕಿ.ಮೀ.ಗೆ ಏರಿದರೆ ಅದೇ ಬಲ ಸುಮಾರು 125ಕ್ಕೆ ಹೋಗುತ್ತದೆ. ಟ್ರಪೀಜಿನಲ್ಲಿ ಪೂರ್ತಿ ಚಾಚಿದವರ 124ಕ್ಕೆ ಇದು ಸರಿಸಮ. ವಿಡಿಯೋದಲ್ಲಿ ಕಾಣುವ 'ಪವಾಡ' ಈ ಸಮತೋಲವೇ. ಗುರುತ್ವಾಕರ್ಷಣೆಯನ್ನು ಯಾರೂ ಗೆದ್ದಿಲ್ಲ. ಗುರುತ್ವಾಕರ್ಷಣೆ ಇರುವುದರಿಂದಲೇ ಅವರ ತೂಕ ದೋಣಿಯನ್ನು ಹಿಡಿದಿಟ್ಟಿದೆ.

ಈ ಸತ್ಯ ನಮ್ಮ ಪಕ್ಕದ ಮೀನುಗಾರರಿಗೆ ಎಂದೋ ಗೊತ್ತಿತ್ತು. ಶ್ರೀಲಂಕಾದ 'ಒರುವ' ಎಂಬ ಹಾಯಿದೋಣಿಯ ಒಂದು ಬದಿಗೆ ಎರಡು ಉದ್ದ ಕೋಲು ಚಾಚಿ, ಅವುಗಳ ತುದಿಗೆ ತೇಲುವ ಮರದ ದಿಮ್ಮಿ ಕಟ್ಟಿರುತ್ತಾರೆ. ಗಾಳಿ ಜೋರಾದಂತೆ ಒಬ್ಬೊಬ್ಬರೇ ಆ ಕೋಲುಗಳ ಮೇಲೆ ಹೊರಗೆ ಸರಿಯುತ್ತಿದ್ದರು. ಗಾಳಿಯ ಬಿರುಸನ್ನು ಅವರು 'ಒಬ್ಬಾಳಿನ ಗಾಳಿ', 'ಇಬ್ಬಾಳಿನ ಗಾಳಿ' ಎಂದು ಅಳೆಯುತ್ತಿದ್ದರೆಂದು 19ನೇ ಶತಮಾನದ ಬರಹಗಳಲ್ಲಿ ದಾಖಲಾಗಿದೆ. ಇಷ್ಟು ಗಾಳಿಗೆ ಇಷ್ಟು ಆಳು ಹೊರಗೆ ಎಂಬುದು ಅವರ ಲೆಕ್ಕ. ಗಾಳಿ ಇಲ್ಲದಿದ್ದರೆ ಯಾರೂ ಹೊರಗೆ ಹೋಗುವುದಿಲ್ಲ.

ಪಾದಕ್ಕೆ ಏನೂ ಕಟ್ಟಿಲ್ಲ, ಆದರೂ ಜಾರುವುದಿಲ್ಲ ಏಕೆ?

ತಂತಿ ನೆಟ್ಟಗೆ ಮೇಲಕ್ಕೆ ಹೋಗಿಲ್ಲ, ಓರೆಯಾಗಿ ಕೂವೆಮರದ ಕಡೆಗೆ ಹೋಗಿದೆ. ಆದ್ದರಿಂದ ಅದು ಮನುಷ್ಯನನ್ನು ಮೇಲಕ್ಕೆ ಎತ್ತಿ ಹಿಡಿಯುವುದರ ಜೊತೆಗೆ ದೋಣಿಯ ಕಡೆಗೂ ಎಳೆಯುತ್ತದೆ. ತಂತಿಯ ಮೇಲ್ತುದಿ 4 ಮೀಟರ್ ಎತ್ತರದಲ್ಲಿದ್ದರೆ 75 ಕೆ.ಜಿ. ಮನುಷ್ಯನ ತಂತಿಯಲ್ಲಿ ಸುಮಾರು 81 ಕೆ.ಜಿ. ತೂಕದಷ್ಟು ಎಳೆತ ಇರುತ್ತದೆ. ಅದರಲ್ಲಿ ಸುಮಾರು 30 ಕೆ.ಜಿ.ಯಷ್ಟು ಬಲ ಪಾದಗಳನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ. ಬಾವಿಗೆ ಹಗ್ಗ ಹಿಡಿದು ಇಳಿಯುವವರು ಗೋಡೆಗೆ ಕಾಲೂರಿದಾಗ ಆಗುವುದೂ ಇದೇ. ಇದರಲ್ಲಿ ಯೋಗಶಕ್ತಿ ಇಲ್ಲ, ಆದರೆ ಅಭ್ಯಾಸ ಬಹಳ ಬೇಕು.

ಒಬ್ಬರೇ ಮಾಡುವುದು ಹೇಗೆ?

ಒಬ್ಬರೇ ನಡೆಸುವ ದೋಣಿಯಲ್ಲಿ ಎರಡೂ ಕೈಗೆ ಕೆಲಸ ಇರುತ್ತದೆ. ಹಿಂದಿನ ಕೈಯಲ್ಲಿ ಚುಕ್ಕಾಣಿಗೆ ಜೋಡಿಸಿದ ಉದ್ದನೆಯ ಕೋಲು, ಮುಂದಿನ ಕೈಯಲ್ಲಿ ಹಾಯಿಯನ್ನು ಬಿಗಿ ಅಥವಾ ಸಡಿಲ ಮಾಡುವ ಹಗ್ಗ. ತಂತಿ ಹಿಡಿಯಲು ಮೂರನೇ ಕೈ ಇಲ್ಲ. ಆದ್ದರಿಂದಲೇ ಇದು ಕಷ್ಟದ ವಿದ್ಯೆ. ಕ್ರಮ ಸುಮಾರಾಗಿ ಹೀಗಿರುತ್ತದೆ.

ಮೊದಲು ಅಂಚಿನಲ್ಲಿ ಕೂತುಕೊಂಡೇ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಬೇಕು. ಕೂತಲ್ಲಿಂದಲೇ ಭಾರ ಬಿಟ್ಟು, ತಂತಿ ಬಿಗಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಮುಂದಿನ ಕಾಲನ್ನು ಅಂಚಿಗೆ ಊರಿ ಹೊರಕ್ಕೆ ತಳ್ಳಬೇಕು, ಹಿಂದಿನ ಕಾಲು ಅದನ್ನು ಹಿಂಬಾಲಿಸುತ್ತದೆ. ಪಾದಗಳ ನಡುವೆ ಹೆಗಲಗಲದಷ್ಟು ಅಂತರ ಇರಬೇಕು.

ಮುಂದಿನ ಕಾಲಿಗೇ ಹೆಚ್ಚು ಕೆಲಸ. ದೋಣಿಯ ಮೂತಿ ಅಲೆಗೆ ಬಡಿದು ಥಟ್ಟನೆ ನಿಧಾನವಾದರೆ, ಓಡುತ್ತಿದ್ದ ಬಸ್ಸಿಗೆ ಬ್ರೇಕ್ ಬಿದ್ದಂತೆ, ಮೈ ಮುಂದಕ್ಕೆ ತೂರಿಕೊಳ್ಳುತ್ತದೆ. ಮುಂದಿನ ಕಾಲು ಗಟ್ಟಿಯಾಗಿ ಊರಿಲ್ಲದಿದ್ದರೆ ತಂತಿಯ ತುದಿಯಲ್ಲಿ ಬೀಸಿಕೊಂಡು ಹೋಗಿ ಕೂವೆಮರದ ಮುಂದೆ ಬೀಳಬೇಕಾಗುತ್ತದೆ. ಕಲಿಯುವವರು ಬೀಳುವುದು ಬಹುಪಾಲು ಹೀಗೆಯೇ.

ಗಾಳಿಯ ಹೊಡೆತ ಬಂದಾಗ ಮೊದಲು ಹಾಯಿಯ ಹಗ್ಗವನ್ನು ತುಸು ಸಡಿಲ ಬಿಡಬೇಕು. ಮೈಯನ್ನು ಚಾಚುವುದಕ್ಕಿಂತ ಹಗ್ಗ ಬಿಡುವುದು ಬೇಗ ಆಗುವ ಕೆಲಸ. ಆಮೇಲೆ ಮೈ ಪೂರ್ತಿ ಚಾಚಿ, ಹಗ್ಗವನ್ನು ಮತ್ತೆ ಎಳೆದುಕೊಳ್ಳಬೇಕು.

ಗಾಳಿ ಇದ್ದಕ್ಕಿದ್ದಂತೆ ಕಡಿಮೆಯಾದರೆ? ಇದೇ ಹೆಚ್ಚು ಅಪಾಯದ ಗಳಿಗೆ. ತಕ್ಕಡಿಯ ಒಂದು ತಟ್ಟೆ ಖಾಲಿಯಾಯಿತು. ಹೊರಗಿರುವ ಮನುಷ್ಯನ ತೂಕವೇ ಈಗ ದೋಣಿಯನ್ನು ಅವನ ಮೇಲೆ ಎಳೆದುಕೊಳ್ಳುತ್ತದೆ. ತಕ್ಷಣ ಮೊಣಕಾಲು ಮಡಿಸಿ ಮೈಯನ್ನು ಒಳಕ್ಕೆ ತರಬೇಕು. ತಡವಾದರೆ ಬೆನ್ನು ನೀರಿಗೆ ತಾಗುತ್ತದೆ, ಹಿಂದೆಯೇ ದೋಣಿ ಮೈಮೇಲೆ ಮಗುಚುತ್ತದೆ. ಅಂದರೆ ನುರಿತವರು ಕೂಡ ಪ್ರತಿ ಕ್ಷಣವೂ ಗಾಳಿಯ ಜೊತೆ ಚೌಕಾಶಿ ಮಾಡುತ್ತಲೇ ಇರುತ್ತಾರೆ. ವಿಡಿಯೋದಲ್ಲಿ ಅವರು ಆರಾಮಾಗಿ ಮಲಗಿದಂತೆ ಕಂಡರೂ ಕಾಲು, ಕೈ, ಕಣ್ಣು ಯಾವುದಕ್ಕೂ ಬಿಡುವಿಲ್ಲ.

ದೋಣಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುವ ಮೊದಲು ಒಳಗೆ ಬಂದು, ಕೊಕ್ಕೆ ಬಿಡಿಸಿಕೊಂಡು, ಹಾಯಿಯ ಕೆಳಗೆ ನುಸುಳಿ, ಆ ಬದಿಯ ತಂತಿಗೆ ಕೊಕ್ಕೆ ಸಿಕ್ಕಿಸಬೇಕು. ಬಿಡಿಸುವುದನ್ನು ಮರೆತರೆ ದೋಣಿ ತಿರುಗುತ್ತದೆ, ಮನುಷ್ಯ ಹಳೆಯ ಬದಿಯಲ್ಲೇ ಕಟ್ಟಿಹಾಕಿದಂತೆ ಉಳಿಯುತ್ತಾನೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಟ್ರಪೀಜಿನವರು ದೋಣಿಗೆ ಗಂಟು ಹಾಕಿ ಕಟ್ಟಿಕೊಂಡಿರುವುದಿಲ್ಲ. ಭಾರ ಬಿಟ್ಟಾಗ ಮಾತ್ರ ಕೊಕ್ಕೆ ಬಳೆಯಲ್ಲಿ ನಿಲ್ಲುತ್ತದೆ. ಭಾರ ತೆಗೆದರೆ ಬಿಡಿಸಿಕೊಳ್ಳಬಹುದು. ಅಷ್ಟಾದರೂ ದೋಣಿ ಮಗುಚಿದಾಗ ಕೊಕ್ಕೆ ಯಾವುದಾದರೂ ಹಗ್ಗಕ್ಕೆ ಸಿಕ್ಕಿಕೊಂಡು ನೀರಿನಡಿ ಉಳಿದು ಸತ್ತವರಿದ್ದಾರೆ. ಅದಕ್ಕಾಗಿಯೇ ಈಗಿನ ಅಂತರರಾಷ್ಟ್ರೀಯ ಸ್ಪರ್ಧಾ ನಿಯಮಗಳ ಪ್ರಕಾರ, ಯಾವ ಗಳಿಗೆಯಲ್ಲಾದರೂ ದೋಣಿಯಿಂದ ಥಟ್ಟನೆ ಬಿಡಿಸಿಕೊಳ್ಳುವ ವ್ಯವಸ್ಥೆ ಹಾರ್ನೆಸ್ಸಿನಲ್ಲಿ ಇರಲೇಬೇಕು. ಲೈಫ್ ಜಾಕೆಟ್ ಹಾಕಿರುತ್ತಾರೆ, ಪಕ್ಕದಲ್ಲಿ ರಕ್ಷಣಾ ದೋಣಿಯೂ ಇರುತ್ತದೆ. ಆ ದೋಣಿ ವಿಡಿಯೋದ ಚೌಕಟ್ಟಿನ ಹೊರಗಿರುತ್ತದೆ, ನಮಗೆ ಕಾಣುವುದಿಲ್ಲ.

ನಮ್ಮವರೂ ಇದನ್ನು ಮಾಡುತ್ತಾರೆ

ಇದು ಹೊರದೇಶದವರಿಗೆ ಮಾತ್ರ ಬರುವ ವಿದ್ಯೆ ಅಲ್ಲ. ಕೊಡಗಿನ ಮೂಲದ ಕೇಳಪಂಡ ಚೆಂಗಪ್ಪ ಗಣಪತಿ ಅವರು ವರುಣ್ ಠಕ್ಕರ್ ಜೊತೆಗೂಡಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ '49ಇಆರ್' ಎಂಬ ವರ್ಗದ ದೋಣಿಯಲ್ಲಿ ಕಂಚು ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಈ ಜೋಡಿ ಸ್ಪರ್ಧಿಸಿ 17ನೇ ಸ್ಥಾನ ಪಡೆಯಿತು. ಆ ದೋಣಿಯಲ್ಲಿ ಇಬ್ಬರೂ ಟ್ರಪೀಜ್ ತಂತಿಯ ಮೇಲೆ ಹೊರಗಿರುತ್ತಾರೆ.

ಅದೇ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ ವಿಷ್ಣು ಸರವಣನ್ ಮತ್ತು ನೇತ್ರಾ ಕುಮನನ್ ಭಾರತದ ಪರ ಸ್ಪರ್ಧಿಸಿದ್ದರು. ಆ ದೋಣಿಗೆ ಟ್ರಪೀಜ್ ಇಲ್ಲ. ದೋಣಿಯ ತಳದಲ್ಲಿರುವ ಪಟ್ಟಿಯೊಳಗೆ ಪಾದ ಸಿಕ್ಕಿಸಿ, ಅಂಚಿನ ಮೇಲೆ ತೊಡೆ ಊರಿ, ಬೆನ್ನನ್ನು ಹೊರಗೆ ಚಾಚುತ್ತಾರೆ. ವಿಧಾನ ಬೇರೆ, ತೂಕ ಗುಣಿಸು ದೂರ ಎಂಬ ಲೆಕ್ಕ ಅದೇ.

ಕರ್ನಾಟಕದಲ್ಲೂ ಹಾಯಿದೋಣಿಯ ಕ್ರೀಡೆ ಇದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಸೇನೆಯ ಎಂಇಜಿಯ, ತೃಷ್ಣಾ ಸೇಲಿಂಗ್ ಕ್ಲಬ್ ಮೈಸೂರು ಹತ್ತಿರದ ಕೆಆರ್‌ಎಸ್ ಹಿನ್ನೀರಿನಲ್ಲಿ ಸ್ಪರ್ಧೆಗಳನ್ನು ನಡೆಸಿದೆ. ತೃಷ್ಣಾ ಎಂಬುದು ಭಾರತೀಯ ಸೇನೆಯ ಎಂಜಿನಿಯರುಗಳು 1985ರಿಂದ 1987ರ ನಡುವೆ ಭೂಮಿಯನ್ನು ಸುತ್ತಿಬಂದ ಹಾಯಿನೌಕೆಯ ಹೆಸರೂ ಹೌದು. ಕಲಿಯಬೇಕೆಂಬ ಆಸೆ ಇರುವವರು ಇಂಥ ಕ್ಲಬ್ಬಿನಲ್ಲಿ, ತರಬೇತುದಾರರ ಕಣ್ಣೆದುರಿಗೆ, ನಿಂತ ನೀರಿನಲ್ಲಿ ಕಲಿಯಬೇಕು. ಹರಿಯುವ ಹೊಳೆಯಲ್ಲಿ ವಿಡಿಯೋ ನೋಡಿ ಕಲಿಯುವ ವಿದ್ಯೆ ಇದಲ್ಲ.

ಈಗ ಕೃಷ್ಣೆಯ ದೋಣಿಗೆ ಬರೋಣ

ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ಇಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ತುಂಬಿ ಬರುತ್ತವೆ. ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಎಷ್ಟೋ ಜನ ದೋಣಿಯಲ್ಲೇ ಊರು ಬಿಟ್ಟು ಹೊರಬಂದರು. ಮೊದಲ ಸಲ ದೋಣಿ ಹತ್ತಿದವರೂ ಅವರಲ್ಲಿದ್ದರು. ಅಂಥ ಹೊತ್ತಿನಲ್ಲಿ ಮನಸ್ಸಿಗೆ ಬರುವುದು ಮೊಬೈಲಿನಲ್ಲಿ ನೋಡಿದ್ದೇ. ಆದ್ದರಿಂದ ಮೂರನೇ ಫಾರ್ವರ್ಡಿನ ಸಲಹೆಯನ್ನು ಚೂರು ಬಿಡದೆ ಪರೀಕ್ಷಿಸಬೇಕು.

ಹೊಳೆಯ ದೋಣಿಗೆ, ರಕ್ಷಣಾ ದಳದ ರಬ್ಬರ್ ದೋಣಿಗೆ, ಹರಿಗೋಲಿಗೆ ಹಾಯಿ ಇಲ್ಲ. ಅಂದರೆ ತಕ್ಕಡಿಯ ಎದುರು ತಟ್ಟೆಯಲ್ಲಿ ಗಾಳಿ ಇಲ್ಲ. ಅಲ್ಲಿ ನೀವು ಹೊರಗೆ ಜೋತುಬಿದ್ದರೆ ಎದುರಿನಿಂದ ತಡೆಯುವ ಬಲವೇ ಇರುವುದಿಲ್ಲ. ದೋಣಿ ನಿಮ್ಮ ಕಡೆಗೇ ಮಗುಚುತ್ತದೆ.

"ದೋಣಿ ಎಡಕ್ಕೆ ವಾಲಿದೆ, ಎಲ್ಲರೂ ಬಲಕ್ಕೆ ಬನ್ನಿ" ಎಂಬುದು ಸರಿ ಅನ್ನಿಸುತ್ತದೆ. ಅದರ ಲೆಕ್ಕವನ್ನೂ ಮಾಡಿ ನೋಡಿ. 60 ಕೆ.ಜಿ.ಯ 8 ಜನ ಒಮ್ಮೆಲೇ ಅರ್ಧ ಮೀಟರ್ ಒಂದು ಬದಿಗೆ ಸರಿದರು ಎನ್ನೋಣ. 8 ಗುಣಿಸು 60 ಗುಣಿಸು 0.5 ಎಂದರೆ 240. ಗಂಟೆಗೆ 25 ಕಿ.ಮೀ. ಗಾಳಿಯನ್ನು ತಡೆದು ನಿಲ್ಲಿಸಿದ ಆ ಟ್ರಪೀಜ್ ವೀರನ ಬಲ 124. ಅಂದರೆ ಎಂಟು ಜನ ಒಂದು ಹೆಜ್ಜೆ ಸರಿದರೆ ಅದರ ಸುಮಾರು ಎರಡು ಪಟ್ಟು ಬಲ ದೋಣಿಯ ಒಂದೇ ಬದಿಗೆ ಬೀಳುತ್ತದೆ. ಇದಕ್ಕೆ ಗಾಬರಿಯೇ ಬೇಕಿಲ್ಲ. ಸೆಲ್ಫಿಗೆ, ನೀರಿನಲ್ಲಿ ತೇಲಿಹೋಗುವುದೇನನ್ನೋ ನೋಡುವುದಕ್ಕೆ, ದಡ ಹತ್ತಿರ ಬಂತೆಂದು ಇಳಿಯಲು ಎದ್ದು ನಿಲ್ಲುವುದಕ್ಕೆ ಜನ ಹೀಗೆ ಸರಿಯುತ್ತಾರೆ.

ಎದ್ದು ನಿಂತರೆ ಇನ್ನೊಂದು ತೊಂದರೆ. ಭಾರದ ಕೇಂದ್ರ ಮೇಲಕ್ಕೆ ಹೋಗುತ್ತದೆ. ಕಬ್ಬನ್ನು ಎತ್ತರಕ್ಕೆ ಹೇರಿದ ಟ್ರ್ಯಾಲಿ ರಸ್ತೆಯ ಸಣ್ಣ ತಗ್ಗಿಗೂ ಓಲಾಡುತ್ತದೆ, ಅದೇ ತೂಕದ ಗೊಬ್ಬರ ತುಂಬಿದ ಟ್ರ್ಯಾಲಿ ಅಷ್ಟು ಓಲಾಡುವುದಿಲ್ಲ. ನಿಂತ ಜನರಿರುವ ದೋಣಿ ಕಬ್ಬಿನ ಟ್ರ್ಯಾಲಿಯ ಹಾಗೆ.

ಒಳಗೆ ನೀರು ಸೇರಿದ್ದರೆ ಮತ್ತೂ ಅಪಾಯ. ದೋಣಿ ಯಾವ ಕಡೆ ವಾಲುತ್ತದೋ ನೀರೂ ಆ ಕಡೆಗೇ ಓಡುತ್ತದೆ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಐದು ಕೊಡ ನೀರು ಒಳಗಿದ್ದರೆ ಒಬ್ಬ ಮನುಷ್ಯನ ತೂಕ ಯಾವಾಗಲೂ ತಪ್ಪು ಬದಿಗೇ ಸರಿಯುತ್ತಿದೆ ಎಂದು ತಿಳಿಯಿರಿ.

ಹೆಚ್ಚು ಜನ, ಕಡಿಮೆ ಲೈಫ್ ಜಾಕೆಟ್, ಒಂದು ದೊಡ್ಡ ಅಲೆ, ಇವು ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ನೋಡಿದೆ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ಸತ್ತರು.

ಹಗ್ಗ ಕಟ್ಟಿಕೊಳ್ಳುವ ತಪ್ಪು

ಟ್ರಪೀಜ್ ವಿಡಿಯೋದಿಂದ ಹುಟ್ಟುವ ಇನ್ನೊಂದು ತಪ್ಪು ತಿಳಿವಳಿಕೆ, ಸೊಂಟಕ್ಕೆ ಹಗ್ಗ ಕಟ್ಟಿ ಅದನ್ನು ದೋಣಿಗೆ ಬಿಗಿದರೆ ಸುರಕ್ಷಿತ ಎಂಬುದು. ಮಕ್ಕಳನ್ನು ಹೀಗೆ ಕಟ್ಟಬೇಕೆಂದು ತಾಯಂದಿರಿಗೆ ಅನ್ನಿಸುವುದು ಸಹಜ. ಆದರೆ ದೋಣಿ ಮಗುಚಿದರೆ ಹಗ್ಗ ಕಟ್ಟಿಕೊಂಡವರು ದೋಣಿಯ ಅಡಿಗೆ ಸಿಕ್ಕಿಬೀಳುತ್ತಾರೆ. ಹರಿಯುವ ನೀರಿನಲ್ಲಿ ಇದು ಇನ್ನೂ ಭೀಕರ. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಹಗ್ಗ ಕಂಬಕ್ಕೋ ಮುಳುಗಿದ ಜಾಲಿ ಗಿಡಕ್ಕೋ ಸಿಕ್ಕಿಕೊಂಡರೆ ಪ್ರವಾಹ ಮನುಷ್ಯನನ್ನು ಒತ್ತಿ ನೀರಿನಡಿಗೆ ಹಾಕುತ್ತದೆ. ಬಿಗಿದ ಗಂಟನ್ನು ಆಗ ಬಿಚ್ಚಲು ಆಗುವುದಿಲ್ಲ. ಒಲಿಂಪಿಕ್ ಮಟ್ಟದ ನಾವಿಕರಿಗೇ ಥಟ್ಟನೆ ಬಿಡಿಸಿಕೊಳ್ಳುವ ಕೊಕ್ಕೆ ಬೇಕೆನ್ನುವಾಗ ನಮಗೆ ಬಿಗಿಗಂಟು ಖಂಡಿತ ಬೇಡ.

ಹಾಗಾದರೆ ಏನು ಮಾಡಬೇಕು?

ಲೈಫ್ ಜಾಕೆಟ್ ಇದ್ದರೆ ಹಾಕಿಕೊಂಡು ಬಕಲ್ ಬಿಗಿಯಿರಿ. ಕೈಯಲ್ಲಿ ಹಿಡಿದುಕೊಂಡರೆ ಪ್ರಯೋಜನವಿಲ್ಲ. ಮಕ್ಕಳಿಗೆ ಮೊದಲು ಹಾಕಿ.

ದೋಣಿಯ ನಡುವೆ, ಆದಷ್ಟು ಕೆಳಗೆ ಕೂರಿ. ಎರಡೂ ಬದಿಗೆ ಸಮನಾಗಿ ಹಂಚಿಕೊಂಡು ಕೂರಿ. ಅಕ್ಕಿ ಚೀಲ, ಪೆಟ್ಟಿಗೆ, ಸಿಲಿಂಡರ್ ತಳದಲ್ಲಿ ನಡುವೆ ಇರಲಿ.

ದೋಣಿ ವಾಲಿದರೆ ಏಳಬೇಡಿ, ಓಡಬೇಡಿ, ಇನ್ನಷ್ಟು ಕೆಳಗೆ ಬಗ್ಗಿ ಕೂರಿ. ಯಾರು ಎಷ್ಟು ಸರಿಯಬೇಕು ಎಂಬುದನ್ನು ದೋಣಿ ನಡೆಸುವವರು ಹೇಳಲಿ. ಒಬ್ಬೊಬ್ಬರೇ ನಿಧಾನವಾಗಿ ಸರಿಯಿರಿ. ಒಳಗಿನ ನೀರನ್ನು ಡಬ್ಬಿಯಿಂದ ಎತ್ತಿ ಚೆಲ್ಲುತ್ತಿರಿ.

ದಡ ಮುಟ್ಟಿದಾಗಲೂ ಒಬ್ಬೊಬ್ಬರೇ ಇಳಿಯಿರಿ. ಎಲ್ಲರೂ ಒಮ್ಮೆಲೇ ಎದ್ದು ಒಂದೇ ಬದಿಗೆ ಹೋಗುವುದು ಅಲ್ಲೇ.

ದೋಣಿ ಮಗುಚಿಯೇ ಬಿಟ್ಟರೆ ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗಬೇಡಿ. ಮಗುಚಿದ ದೋಣಿ ಬಹಳ ಸಲ ತೇಲುತ್ತಲೇ ಇರುತ್ತದೆ, ಅದನ್ನು ಹಿಡಿದುಕೊಳ್ಳಿ. ದೂರದಿಂದ ಹುಡುಕುವವರಿಗೆ ನೀರಿನಲ್ಲಿರುವ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ದಡದಲ್ಲಿರುವವರು ನೀರಿಗೆ ಹಾರಬೇಡಿ. ಹಗ್ಗ, ಬಿದಿರು, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ. 20 ಲೀಟರಿನ ಖಾಲಿ ಕ್ಯಾನು ಸುಮಾರು 20 ಕೆ.ಜಿ.ಯಷ್ಟು ಎತ್ತಿ ಹಿಡಿಯುತ್ತದೆ. ದೊಡ್ಡವರೊಬ್ಬರ ತಲೆ ನೀರಿನ ಮೇಲಿರಲು ಅಷ್ಟು ಸಾಕು. 112ಕ್ಕೆ ಕರೆ ಮಾಡಿ ಊರು, ಘಟ್ಟ, ಹತ್ತಿರದ ಗುಡಿ ಅಥವಾ ಸೇತುವೆಯ ಹೆಸರು ಹೇಳಿ.

ಆ ವಿಡಿಯೋವನ್ನು ಫಾರ್ವರ್ಡ್ ಮಾಡಬೇಕೇ?

ಮಾಡಿ, ಅಡ್ಡಿಯಿಲ್ಲ. ನೋಡಲು ಚಂದದ, ಕಲಿಯಲು ಕಷ್ಟದ ನಿಜವಾದ ವಿದ್ಯೆ ಅದು. ಆದರೆ ಅದರ ಕೆಳಗಿರುವ ಸುಳ್ಳು ಸಲಹೆಯನ್ನು ಅಳಿಸಿ, ಈ ನಾಲ್ಕು ಸಾಲನ್ನು ಹಾಕಿ:

"ಈ ವಿಡಿಯೋ ನಿಜ. ಹಾಯಿಗೆ ಬಡಿಯುವ ಗಾಳಿಯನ್ನು ಸರಿದೂಗಿಸಲು ಇವರು ಹೊರಗೆ ಜೋತುಬಿದ್ದಿದ್ದಾರೆ. ನಮ್ಮ ಹೊಳೆಯ ದೋಣಿಗೆ ಹಾಯಿ ಇಲ್ಲ, ಹೀಗೆ ಮಾಡಿದರೆ ದೋಣಿ ಮಗುಚುತ್ತದೆ. ದೋಣಿಯಲ್ಲಿ ನಡುವೆ, ಕೆಳಗೆ ಕೂರಿ, ಜಾಕೆಟ್ ಹಾಕಿ, ಮೈಗೆ ಹಗ್ಗ ಕಟ್ಟಿಕೊಳ್ಳಬೇಡಿ."

ಮುಂದಿನ ಮಳೆಗಾಲಕ್ಕೆ ಮುಂಚೆ ಇದು ಹೊಳೆ ದಂಡೆಯ ಊರುಗಳ ಗ್ರೂಪಿಗೆ ತಲುಪಿದರೆ ಒಳ್ಳೆಯದು.